ಗೇಣಿ ತಪ್ಪಾದರೆ ಬಾಡಿಗೆ ಹೇಗೆ ಸರಿ?

‘ಉಳುವವನೇ ಹೊಲದೊಡೆಯ’ ಎಂಬ ಮಾತು ಇವತ್ತು ನಮಗೆ ಗಾದೆಯಷ್ಟೇ ಸಹಜವಾಗಿದೆ. ಭೂಸುಧಾರಣೆಯನ್ನು ಟೀಕಿಸುವವರೂ ಅದು ಜಾರಿಯಾದ ರೀತಿಯನ್ನು ಆಕ್ಷೇಪಿಸುತ್ತಾರೆಯೇ ಹೊರತು ಆ ಮಾತಿನೊಳಗಿನ ನ್ಯಾಯವನ್ನು ಅಷ್ಟಾಗಿ ಪ್ರಶ್ನಿಸುವುದಿಲ್ಲ. ಈಗ ಅದೇ ಧಾಟಿಯಲ್ಲಿ ‘ಇರುವವನೇ ಮನೆಯೊಡೆಯ’ ಎಂದು ಹೇಳಿ ನೋಡಿ. ಕೇಳಿದವರು ಮೊದಲು ನಗುತ್ತಾರೆ, ಅವರಿಗೊಂದು ಬಾಡಿಗೆ ಮನೆಯಿದ್ದರೆ ಆಮೇಲೆ ಗಾಬರಿಯಾಗುತ್ತಾರೆ. ಹತ್ತು ವರ್ಷ ಗೇಣಿ ಅಳೆದವನಿಗೆ ಗದ್ದೆ ಸಿಕ್ಕಿತು ಎಂದರೆ ಅದು ನ್ಯಾಯ. ಹತ್ತು ವರ್ಷ ಬಾಡಿಗೆ ಕೊಟ್ಟವರು ಮನೆ ನಮ್ಮದು ಎಂದರೆ ಅದು ಮೋಸ. ಎರಡರ ನಡುವೆ ಇರುವ ವ್ಯತ್ಯಾಸವಾದರೂ ಏನು?

ನೀತಿಶಾಸ್ತ್ರವನ್ನು ಓದುತ್ತಿರುವ ನನಗೆ ಈ ಪ್ರಶ್ನೆ ಪುಸ್ತಕದಿಂದ ಹುಟ್ಟಲಿಲ್ಲ. ನನ್ನ ಅಜ್ಜ ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಗೇಣಿದಾರರಾಗಿದ್ದರು. 1974ರ ಕಾನೂನು ಬಂದಾಗ ‘ಡಿಕ್ಲರೇಷನ್’ ಕೊಟ್ಟು, ಭೂ ನ್ಯಾಯಮಂಡಳಿಯ ಮುಂದೆ ಓಡಾಡಿ, ಎರಡೂವರೆ ಎಕರೆ ಗದ್ದೆಗೆ ಒಡೆಯರಾದರು. ಆ ಗದ್ದೆಯ ಅನ್ನ ಉಂಡು ಅಪ್ಪ ಓದಿದರು, ಮೇಷ್ಟ್ರಾದರು, 1996ರಲ್ಲಿ ಶಿವಮೊಗ್ಗದ ವಿನೋಬನಗರದಲ್ಲಿ ಒಂದು ಮೂವತ್ತು-ನಲವತ್ತು ಸೈಟು ತೆಗೆದುಕೊಂಡರು. ಈಗ ಕೆಳಗೆ ನಮ್ಮ ಮನೆ, ಮೊದಲ ಮಹಡಿಯಲ್ಲಿ ಎರಡು ಬಾಡಿಗೆ ಮನೆ, ಅದರ ಮೇಲೆ ಒಂದು ಶೀಟಿನ ಮನೆ. ನಾನು ಮೈಸೂರಿನಲ್ಲಿ ಸಂಶೋಧನೆ ಮಾಡುತ್ತಾ ಬೇರೆಯವರ ಮನೆಯ ಒಂದು ಕೋಣೆಯಲ್ಲಿ ಬಾಡಿಗೆಗಿದ್ದೇನೆ. ಅಂದರೆ ಗೇಣಿದಾರನ ಮೊಮ್ಮಗಳು, ಮನೆ ಮಾಲೀಕರ ಮಗಳು ಮತ್ತು ಸ್ವತಃ ಬಾಡಿಗೆದಾರಳು.

ಈ ವರ್ಷ ಅಪ್ಪ ಒಂದು ಯೋಚನೆ ಮುಂದಿಟ್ಟರು. ಊರಿನ ಎರಡೂವರೆ ಎಕರೆ ಮಾರಿಬಿಡುವುದು. ಅದಕ್ಕೆ ಬೆಂಗಳೂರಿನಲ್ಲಿರುವ ಅಣ್ಣ ಮಾಡುವ ಸಾಲ ಸೇರಿಸಿ ಶಿವಮೊಗ್ಗದ ಹೊಸ ಬಡಾವಣೆಯಲ್ಲಿ ನಾಲ್ಕು ಬಾಡಿಗೆ ಮನೆಗಳಿರುವ ಒಂದು ಕಟ್ಟಡವನ್ನು ನಮ್ಮಿಬ್ಬರ ಹೆಸರಿನಲ್ಲಿ ಕೊಳ್ಳುವುದು. “ನಿನ್ನ ಪಿಎಚ್‌ಡಿ ಮುಗಿದು ಕಾಯಂ ಕೆಲಸ ಸಿಗೋದು ಯಾವಾಗಲೋ. ತಿಂಗಳಾ ತಿಂಗಳಾ ಬಾಡಿಗೆ ಅಂತ ಒಂದಿದ್ರೆ ಯಾರ ಮುಂದೂ ಕೈ ಚಾಚೋದು ಬೇಡ ಮಾರಾಯ್ತಿ” ಎಂದರು. ಅತಿಥಿ ಉಪನ್ಯಾಸಕರ ಸಂಬಳದ ಪಾಡು ಗೊತ್ತಿರುವ ಯಾರೂ ಈ ಮಾತನ್ನು ಸುಲಭವಾಗಿ ತಳ್ಳಿಹಾಕಲಾರರು. ನಾನೂ ತಳ್ಳಿಹಾಕಲಿಲ್ಲ. ಆದರೆ ಗೇಣಿಯಿಂದ ಬಿಡುಗಡೆ ಪಡೆದ ಭೂಮಿಯನ್ನು ಮಾರಿ ಬಾಡಿಗೆ ಮನೆ ಕೊಳ್ಳುವುದೆಂದರೆ ಏನೆಂದು ಯೋಚಿಸದೆ ಸಹಿ ಹಾಕಲೂ ಮನಸ್ಸಾಗಲಿಲ್ಲ.

ಗೇಣಿಯಲ್ಲಿ ತಪ್ಪು ಎಲ್ಲಿತ್ತು ಎಂಬಲ್ಲಿಂದ ಶುರು ಮಾಡೋಣ. ನಮ್ಮ ಸೀಮೆಯವರಿಗೆ ಇದಕ್ಕೆ ದೂರ ಹೋಗಬೇಕಿಲ್ಲ. 1951ರಲ್ಲಿ ಸಾಗರದ ಬಳಿಯ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಎಚ್. ಗಣಪತಿಯಪ್ಪನವರಂಥವರು ಸಂಘಟನೆ ಮಾಡಿದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಆ ಹೋರಾಟದ ಒಂದು ಮುಖ್ಯ ಎಳೆ ಗೇಣಿ ಭತ್ತ ಅಳೆಯುವ ಕೊಳಗ. ಕೊಳಗಕ್ಕೆ ಎಷ್ಟು ಸೇರು? ಅದನ್ನು ಹೇಳುವ ಹಕ್ಕು ಯಾರದು? ಅದೇ ವರ್ಷ ತೆಲಂಗಾಣದ ಪೋಚಂಪಳ್ಳಿಯಲ್ಲಿ ವಿನೋಬಾ ಭಾವೆಯವರು ಭೂದಾನ ಚಳವಳಿ ಆರಂಭಿಸಿದರು. ಒಂದು ಕಡೆ ಗೇಣಿದಾರ ಹಕ್ಕು ಕೇಳಿದ, ಇನ್ನೊಂದು ಕಡೆ ಸಂತರೊಬ್ಬರು ಧಣಿಗಳ ಮನಸ್ಸು ಕೇಳಿದರು. ಮೊದಲನೆಯದರ ಫಲ ನಮಗೆ ಗದ್ದೆಯಾಗಿ ಬಂತು. ಎರಡನೆಯವರ ಹೆಸರು ನಮ್ಮ ಬಡಾವಣೆಗಿದೆ, ಅಲ್ಲಿ ನಾವು ಬಾಡಿಗೆ ವಸೂಲಿ ಮಾಡುತ್ತೇವೆ.

ಗೇಣಿಗೂ ಬಾಡಿಗೆಗೂ ಇರುವ ವ್ಯತ್ಯಾಸ ಕೇಳಿದರೆ ಅಪ್ಪ ಥಟ್ಟನೆ ಉತ್ತರ ಕೊಡುತ್ತಾರೆ. ಗದ್ದೆಯಲ್ಲಿ ಬೆಳೆ ತೆಗೆಯುವವನು ಗೇಣಿದಾರ, ಧಣಿ ಅಲ್ಲಿ ಕಾಲಿಡುವುದು ಅಳತೆಯ ದಿನ ಮಾತ್ರ. ಮನೆಯಲ್ಲಿ ಬಾಡಿಗೆದಾರ ಏನನ್ನೂ ಬೆಳೆಯುವುದಿಲ್ಲ, ಮಾಲೀಕ ಕಟ್ಟಿದ್ದನ್ನು ಬಳಸುತ್ತಾನೆ. ದುಡಿಮೆ ಯಾರದೋ ಫಲ ಅವರದು ಎಂಬ ಒಂದೇ ನ್ಯಾಯ ಗದ್ದೆಯಲ್ಲಿ ಗೇಣಿದಾರನ ಪರ, ಮನೆಯಲ್ಲಿ ಮಾಲೀಕನ ಪರ. ಒಳ್ಳೆಯ ಉತ್ತರ. ಕಾಯಕದ ಮಾತನ್ನು ಕೇಳುತ್ತ ಬೆಳೆದ ಯಾವ ಕನ್ನಡಿಗನಿಗೂ ಇದು ಒಪ್ಪಿಗೆಯಾಗುತ್ತದೆ.

ಆದರೆ ಈ ಉತ್ತರವನ್ನು ಪೂರ್ತಿಯಾಗಿ ನಂಬಿದರೆ ಮನೆಯೊಳಗೇ ಒಂದು ತೊಡಕಾಗುತ್ತದೆ. ನಮ್ಮ ಮೂರು ಬಾಡಿಗೆ ಮನೆಗಳ ಕೆಲಸ ಮಾಡುವವರು ಅಮ್ಮ. ಬೆಳಿಗ್ಗೆ ನಲ್ಲಿ ನೀರು ಬಂದಾಗ ಸಂಪು ತುಂಬಿತೇ ಎಂದು ನೋಡಿ ಮೋಟಾರು ಹಾಕುವವರು, ಪ್ಲಂಬರಿಗೆ ಮೂರು ಸಲ ಫೋನು ಮಾಡುವವರು, ಮೆಟ್ಟಿಲು ತೊಳೆಯುವವರು, ಮಳೆಗಾಲಕ್ಕೆ ಮುಂಚೆ ಶೀಟಿನ ಮನೆಯ ಸೋರಿಕೆಗೆ ಟಾರು ಹಾಕಿಸುವವರು, ಮೇಲಿನ ಮನೆಯ ಮಗುವಿಗೆ ಜ್ವರ ಬಂದರೆ ಕಷಾಯ ಕಳಿಸುವವರು ಎಲ್ಲರೂ ಅವರೇ. ಬಾಡಿಗೆ ಮಾತ್ರ ಅಪ್ಪನ ಖಾತೆಗೆ ಬರುತ್ತದೆ, ಖಾತಾ ಪತ್ರವೂ ಅವರ ಹೆಸರಿನಲ್ಲೇ ಇದೆ. ಉಳುವವನೇ ಒಡೆಯ ಎಂಬ ನ್ಯಾಯವನ್ನು ನಮ್ಮ ಕಟ್ಟಡಕ್ಕೆ ಹಚ್ಚಿದರೆ ಡಿಕ್ಲರೇಷನ್ ಕೊಡಬೇಕಾದವರು ಅಮ್ಮ. ಇದನ್ನು ಹೇಳಿದಾಗ ಅಪ್ಪ ನಕ್ಕರು. ಅಮ್ಮ ನಗಲಿಲ್ಲ.

ಇರಲಿ, ಮಾಲೀಕನ ಮನೆಯವರು ಒಟ್ಟಾಗಿ ದುಡಿಯುತ್ತಾರೆ ಎಂದೇ ಇಟ್ಟುಕೊಳ್ಳೋಣ. ಬರುವ ಹಣವೆಲ್ಲ ಆ ದುಡಿಮೆಯ ಫಲವೇ? ಇಲ್ಲಿ ಒಂದು ಹಳೆಯ ವಿಂಗಡಣೆ ಉಪಯೋಗಕ್ಕೆ ಬರುತ್ತದೆ. 1776ರಲ್ಲಿ ಪ್ರಕಟವಾದ ‘ವೆಲ್ತ್ ಆಫ್ ನೇಷನ್ಸ್’ನಲ್ಲಿ ಆ್ಯಡಂ ಸ್ಮಿತ್ ಮನೆ ಬಾಡಿಗೆಯನ್ನು ಎರಡಾಗಿ ಒಡೆಯುತ್ತಾನೆ. ಒಂದು ಕಟ್ಟಡದ ಬಾಡಿಗೆ, ಅಂದರೆ ಕಟ್ಟಲು ಹಾಕಿದ ಬಂಡವಾಳದ ಪ್ರತಿಫಲ. ಇನ್ನೊಂದು ನೆಲದ ಬಾಡಿಗೆ, ಅಂದರೆ ಆ ಮನೆ ಅದೇ ಜಾಗದಲ್ಲಿದೆ ಎಂಬ ಒಂದೇ ಕಾರಣಕ್ಕೆ ಸಿಗುವ ಹಣ. ಎರಡನೆಯದಕ್ಕೆ ಮಾಲೀಕ ಏನೂ ಮಾಡಿರುವುದಿಲ್ಲವಾದ್ದರಿಂದ ತೆರಿಗೆ ಹಾಕಲು ಅದು ತಕ್ಕದ್ದು ಎಂಬುದು ಅವನ ವಾದ. ನೂರು ವರ್ಷದ ಮೇಲೆ, 1879ರಲ್ಲಿ, ಹೆನ್ರಿ ಜಾರ್ಜ್ ಎಂಬ ಅಮೆರಿಕನ್ ಲೇಖಕ ಊರು ಬೆಳೆದಂತೆ ಏರುವ ನೆಲದ ಬೆಲೆ ಊರಿಗೇ ಸೇರಬೇಕೆಂದು ಒಂದು ದೊಡ್ಡ ಪುಸ್ತಕವನ್ನೇ ಬರೆದ.

ಅಪ್ಪ ತೋರಿಸಿದ ಕಟ್ಟಡದ ಲೆಕ್ಕ ಹಾಕಿದಾಗ ಈ ವಿಂಗಡಣೆ ನನಗೆ ಕಣ್ಣಿಗೆ ಕಂಡಂತಾಯಿತು. ಕಟ್ಟಡಕ್ಕೆ 70 ಲಕ್ಷ. ನಾಲ್ಕು ಮನೆಗಳಿಂದ ತಿಂಗಳಿಗೆ 24,000, ವರ್ಷಕ್ಕೆ 2 ಲಕ್ಷ 88 ಸಾವಿರ. ಅಂದರೆ ನೂರಕ್ಕೆ ನಾಲ್ಕು ರೂಪಾಯಿಗಿಂತ ಸ್ವಲ್ಪ ಹೆಚ್ಚು. ಕಂದಾಯ, ರಿಪೇರಿ, ಮನೆ ಖಾಲಿ ಬಿದ್ದ ತಿಂಗಳುಗಳನ್ನು ಕಳೆದರೆ ಇನ್ನೂ ಕಡಿಮೆ. ಗದ್ದೆ ಮಾರಿದರೆ 30 ಲಕ್ಷ ಬರಬಹುದು, ಉಳಿದ 40 ಲಕ್ಷಕ್ಕೆ ಸಾಲ. ನೂರಕ್ಕೆ ಒಂಬತ್ತರ ದರದಲ್ಲಿ ಮೊದಲ ವರ್ಷದ ಬಡ್ಡಿಯೇ 3 ಲಕ್ಷ 60 ಸಾವಿರ. ನಾಲ್ಕು ಮನೆಗಳ ಬಾಡಿಗೆ ಪೂರ್ತಿ ಕಟ್ಟಿದರೂ ಬಡ್ಡಿ ತೀರುವುದಿಲ್ಲ, ಅಸಲಿನ ಮಾತು ದೂರವೇ ಉಳಿಯಿತು. ಹಾಗಿದ್ದರೂ ಜನ ಯಾಕೆ ಕೊಳ್ಳುತ್ತಾರೆ ಎಂದು ಕೇಳಿದೆ. ಬ್ರೋಕರ್ ಹೇಳಿದ್ದನ್ನೇ ಅಪ್ಪ ಹೇಳಿದರು: “ವಿಮಾನ ನಿಲ್ದಾಣ ಬಂತಲ್ಲ, ಇನ್ನು ಹತ್ತು ವರ್ಷಕ್ಕೆ ಬೆಲೆ ಎಲ್ಲಿಗೆ ಹೋಗುತ್ತೆ ನೋಡು.”

ಅಂದರೆ ಬಾಡಿಗೆ ಇಲ್ಲಿ ನೆಪ ಮಾತ್ರ, ನಿಜವಾದ ಬೆಳೆ ಬೆಲೆಯೇರಿಕೆ. ಈ ಬೆಳೆಯನ್ನು ಉಳುವವರು ಯಾರು? 2023ರಲ್ಲಿ ಉದ್ಘಾಟನೆಯಾದ ವಿಮಾನ ನಿಲ್ದಾಣವನ್ನು ಕಟ್ಟಿದ್ದು ಸಾರ್ವಜನಿಕರ ಹಣ. ರಸ್ತೆ, ಚರಂಡಿ, ತುಂಗೆಯ ನೀರು, ಕಾಲೇಜು, ಆಸ್ಪತ್ರೆ ಎಲ್ಲವೂ ಹಾಗೆಯೇ. ನಮ್ಮ ಮೇಲಿನ ಮನೆಗಳಲ್ಲಿ ಒಬ್ಬರು ನರ್ಸ್, ಒಬ್ಬರು ಟೈಲರ್, ಶೀಟಿನ ಮನೆಯಲ್ಲಿ ಆಟೋ ಓಡಿಸುವವರ ಕುಟುಂಬ. ವಿನೋಬನಗರ ವಾಸಕ್ಕೆ ಒಳ್ಳೆಯ ಜಾಗ ಎನ್ನಿಸಿಕೊಂಡಿರುವುದು ಅಲ್ಲಿ ರಾತ್ರಿ ಹೊತ್ತು ಆಟೋ ಸಿಗುತ್ತದೆ, ಬಟ್ಟೆ ಹೊಲಿಯುವವರಿದ್ದಾರೆ, ಪಕ್ಕದಲ್ಲೇ ಇಂಜೆಕ್ಷನ್ ಕೊಡುವವರಿದ್ದಾರೆ ಎಂಬುದರಿಂದಲೂ ಹೌದು. ಹೀಗೆ ಏರಿದ ಬೆಲೆ ನಮ್ಮದಾಗುತ್ತದೆ. ಆ ಏರಿಕೆಯ ಜೊತೆಗೆ ಹೆಚ್ಚುವ ಬಾಡಿಗೆ ಅವರ ಪಾಲಿಗೆ ಬರುತ್ತದೆ.

ಅಡ್ವಾನ್ಸಿನ ವಿಷಯವೂ ಹೀಗೆಯೇ. ನಮ್ಮ ಮೇಲಿನ ಶೀಟಿನ ಮನೆ ಎದ್ದದ್ದು ಕೆಳಗಿನ ಎರಡು ಮನೆಯವರು ಕೊಟ್ಟ ಅಡ್ವಾನ್ಸ್ ಹಣದಿಂದ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳುವ ರೂಢಿ ಬಹಳ ಕಾಲದಿಂದ ಇತ್ತು. ಇನ್ನು ಭೋಗ್ಯಕ್ಕೆ, ಅಂದರೆ ಲೀಸಿಗೆ, ಮನೆ ಹಿಡಿಯುವವರು ಲಕ್ಷಗಟ್ಟಲೆ ಹಣವನ್ನು ಮಾಲೀಕರಿಗೆ ಕೊಟ್ಟು ಬಾಡಿಗೆಯಿಲ್ಲದೆ ವಾಸಿಸುತ್ತಾರೆ. ಅಲ್ಲಿ ಬಡ್ಡಿಯೇ ಬಾಡಿಗೆ. ಅಡ್ವಾನ್ಸಿಗಾದರೆ ಬಡ್ಡಿಯೂ ಇಲ್ಲ, ಬಿಡುವಾಗ ಪೇಂಟಿಂಗ್ ಲೆಕ್ಕದಲ್ಲಿ ಒಂದು ತಿಂಗಳದ್ದು ಮುರಿದುಕೊಂಡು ಉಳಿದದ್ದು ವಾಪಸ್ಸು. ಸಣ್ಣ ಮಾಲೀಕರ ಎಷ್ಟೋ ಮಹಡಿಗಳಿಗೆ ಬಾಡಿಗೆದಾರರೇ ಬಡ್ಡಿಯಿಲ್ಲದ ಬ್ಯಾಂಕು. 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಮಿತಿ ಸೂಚಿಸಿದೆ, ಆದರೆ ಮಾದರಿ ಮಾದರಿಯೇ, ರಾಜ್ಯಗಳು ತಾವಾಗಿ ಕಾನೂನು ಮಾಡಿದರೆ ಮಾತ್ರ ಅದಕ್ಕೆ ಬಲ.

ಇಷ್ಟೆಲ್ಲ ಹಣದ ಮಾತು. ಗೇಣಿಯ ಗಾಯ ಹಣದಲ್ಲಿ ಮಾತ್ರ ಇರಲಿಲ್ಲ. ಅಜ್ಜಿ ಇದ್ದಾಗ ಹೇಳುತ್ತಿದ್ದರು, ಡಿಕ್ಲರೇಷನ್ ಆದ ವರ್ಷವೇ ಗದ್ದೆಯ ಅಂಚಿನಲ್ಲಿ ಒಂದು ಹಲಸಿನ ಗಿಡ ನೆಟ್ಟರಂತೆ. ಅದಕ್ಕೆ ಮುಂಚೆ ಯಾಕೆ ನೆಡಲಿಲ್ಲ ಎಂದು ಕೇಳಿದ್ದಕ್ಕೆ, “ಹಣ್ಣು ಯಾರು ತಿಂತಾರೋ ಗೊತ್ತಿಲ್ದೇ ಯಾರು ನೆಡ್ತಾರೆ ಪುಟ್ಟಿ?” ಎಂದಿದ್ದರು. ನನ್ನ ಮೈಸೂರಿನ ಕೋಣೆಯಲ್ಲಿ ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಅದು ಸಣ್ಣ ವಿಷಯವೇ. ಆದರೆ ಮೊಳೆ ಹೊಡೆಯದ ಗೋಡೆಯೂ ಗಿಡ ನೆಡದ ಅಂಚೂ ಒಂದನ್ನೇ ಹೇಳುತ್ತವೆ: ನೀನು ಇಲ್ಲಿಯವಳಲ್ಲ.

ಕಾನೂನೂ ಹಾಗೆಯೇ ಹೇಳುತ್ತದೆ. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆ ನೋಂದಣಿಯಾಗಬೇಕು, ಅದನ್ನು ತಪ್ಪಿಸಲೆಂದೇ ನಮ್ಮ ಕರಾರು ಪತ್ರಗಳೆಲ್ಲ ಹನ್ನೊಂದು ತಿಂಗಳಿಗೆ ಮುಗಿಯುತ್ತವೆ. ಬೇರೆ ಕರಾರಿಲ್ಲದ ತಿಂಗಳ ಬಾಡಿಗೆಯನ್ನು ಹದಿನೈದು ದಿನದ ನೋಟಿಸಿನಲ್ಲಿ ಕೊನೆಗೊಳಿಸಬಹುದು ಎನ್ನುತ್ತದೆ 1882ರ ಆಸ್ತಿ ವರ್ಗಾವಣೆ ಕಾಯ್ದೆ. ಮಗುವಿನ ಶಾಲೆ, ಮತದಾರರ ಪಟ್ಟಿ, ಗ್ಯಾಸ್ ಸಂಪರ್ಕ ಎಲ್ಲವೂ ವರ್ಷಗಳ ಲೆಕ್ಕದಲ್ಲಿ ಇರುತ್ತವೆ, ಮನೆ ಮಾತ್ರ ಹನ್ನೊಂದು ತಿಂಗಳ ಲೆಕ್ಕದಲ್ಲಿ. ಇದರ ಮೇಲೆ ಬಾಗಿಲಲ್ಲಿ ಕೇಳುವ ಪ್ರಶ್ನೆಗಳು. ಮೈಸೂರಿನಲ್ಲಿ ಕೋಣೆ ಹುಡುಕಿದ ದಿನಗಳಲ್ಲಿ ನನ್ನ ಸಂಶೋಧನೆಯ ವಿಷಯವನ್ನು ಯಾರೂ ಕೇಳಲಿಲ್ಲ. “ನೀವು ಯಾವ ಜನ?”, “ನಾನ್‌ವೆಜ್ ಮಾಡ್ತೀರಾ?”, “ರಾತ್ರಿ ಎಷ್ಟು ಹೊತ್ತಿಗೆ ಬರ್ತೀರಾ?” ಇವನ್ನು ಎಲ್ಲರೂ ಕೇಳಿದರು. ಬಾಡಿಗೆ ಕೊಡಲು ನಮ್ಮ ಕೈಯಲ್ಲಿ ಹಣವಿದ್ದರೂ ಉತ್ತರ ಕೊಡುವ ಕಷ್ಟ ತಪ್ಪುವುದಿಲ್ಲ. ದೊಡ್ಡ ಕಂಪನಿಯೊಂದು ಮನೆ ಬಾಡಿಗೆಗೆ ಕೊಟ್ಟರೆ ಫಾರಂ ತುಂಬಿಸಿಕೊಳ್ಳುತ್ತದೆ, ಅಷ್ಟೇ. ಸಣ್ಣ ಮಾಲೀಕರು ಅದೇ ಕಟ್ಟಡದಲ್ಲಿ ಇರುತ್ತಾರೆ, ಒಗ್ಗರಣೆಯ ವಾಸನೆ ಅವರ ಮೂಗಿಗೆ ಬೀಳುತ್ತದೆ. ಸಣ್ಣತನ ಮನುಷ್ಯರನ್ನು ಹತ್ತಿರ ತರುತ್ತದೆ ಎಂಬುದು ನಿಜ. ಕಷಾಯವೂ ಆ ಹತ್ತಿರದಿಂದಲೇ ಬರುತ್ತದೆ, ಜಾತಿ ವಿಚಾರಣೆಯೂ ಆ ಹತ್ತಿರದಿಂದಲೇ ಬರುತ್ತದೆ.

ಅಪ್ಪನ ಕಡೆಯ ಮಾತನ್ನೂ ಕೇಳಬೇಕು. ಹಿಂದೊಮ್ಮೆ ಮೇಲಿನ ಮನೆಯವರು ಎಂಟು ತಿಂಗಳ ಬಾಡಿಗೆ ಉಳಿಸಿಕೊಂಡು, ಬೀಗ ಹಾಕಿಕೊಂಡು ಹೋಗಿಬಿಟ್ಟಿದ್ದರು. ಕೋರ್ಟಿಗೆ ಹೋಗುವಷ್ಟು ಹಣವಾಗಲಿ ಆಯುಷ್ಯವಾಗಲಿ ತಮಗಿಲ್ಲ ಎಂದು ಅಪ್ಪ ಸುಮ್ಮನಾದರು. ಒಂದೇ ಮನೆಯ ಬಾಡಿಗೆಯಲ್ಲಿ ಔಷಧಿ ಕೊಳ್ಳುವ ವಿಧವೆಯರು ನಮ್ಮ ಬೀದಿಯಲ್ಲೇ ಇದ್ದಾರೆ. 1974ರ ಕಾನೂನು ಕೂಡ ದೊಡ್ಡ ಧಣಿಗಳ ಜೊತೆಗೆ ಗೇಣಿಯನ್ನೇ ನಂಬಿಕೊಂಡಿದ್ದ ವಿಧವೆಯರ, ಸಣ್ಣ ಹಿಡುವಳಿದಾರರ ಭೂಮಿಯನ್ನೂ ತೆಗೆದುಕೊಂಡಿತು. ಕರಾವಳಿಯಲ್ಲೂ ಮಲೆನಾಡಿನಲ್ಲೂ ಆ ನೋವಿನ ಕಥೆಗಳು ಇನ್ನೂ ಇವೆ. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಕಾಲದಲ್ಲಿ ಬಾಡಿಗೆದಾರರೇ ಬಲಾಢ್ಯರಾಗಿ, ಮಾಲೀಕರು ಸ್ವಂತ ಮನೆ ಬಿಡಿಸಿಕೊಳ್ಳಲು ವರ್ಷಾನುಗಟ್ಟಲೆ ಅಲೆದದ್ದೂ ಉಂಟು. ಅದರ ಜಾಗಕ್ಕೆ ಬಂದ 1999ರ ಕಾಯ್ದೆ ದೊಡ್ಡ ಊರುಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ತನ್ನ ವ್ಯಾಪ್ತಿಯಿಂದಲೇ ಹೊರಗಿಟ್ಟಿತು. ಇವತ್ತು ಆ ಮೊತ್ತಕ್ಕೆ ಎಂಥ ಮನೆ ಸಿಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಒಂದು ಕಾಲದಲ್ಲಿ ಒಂದು ಕಡೆಗೆ ಪೂರ್ತಿ ವಾಲಿದ್ದ ತಕ್ಕಡಿ ಈಗ ಇನ್ನೊಂದು ಕಡೆಗೆ ವಾಲಿದೆ.

ಇದನ್ನೆಲ್ಲ ತೂಗಿದ ಮೇಲೆ ನನಗೆ ಅನ್ನಿಸುವುದಿಷ್ಟು. ಬಾಡಿಗೆ ಎಂದು ನಾವು ಒಂದೇ ಹೆಸರಿನಲ್ಲಿ ಕರೆಯುವುದರೊಳಗೆ ನಾಲ್ಕು ಸಂಗತಿಗಳಿವೆ. ಕಟ್ಟಡಕ್ಕೆ ಹಾಕಿದ ಹಣದ ಪ್ರತಿಫಲ, ಅದನ್ನು ನೋಡಿಕೊಳ್ಳುವ ದುಡಿಮೆಯ ಕೂಲಿ, ಊರು ತಂದುಕೊಟ್ಟ ಬೆಲೆ, ಮತ್ತು ಇನ್ನೊಬ್ಬರ ಬಾಗಿಲಿನ ಮೇಲಿನ ಅಧಿಕಾರ. ಮೊದಲನೆಯದು ಸರಿ. ಎರಡನೆಯದೂ ಸರಿ, ಅದು ದುಡಿದವರ ಕೈಗೆ ಸೇರಿದರೆ. ಮೂರನೆಯದು ಊರಿನ ಋಣ, ಅದನ್ನು ಹೇಗಾದರೂ ತೀರಿಸಬೇಕು. ನಾಲ್ಕನೆಯದಕ್ಕೆ ಯಾವ ಸಮರ್ಥನೆಯೂ ಇಲ್ಲ. ಗೇಣಿಯಲ್ಲಿ ಮೊದಲ ಎರಡು ಇಲ್ಲವೆನ್ನುವಷ್ಟು ಕಡಿಮೆ ಇದ್ದವು, ಕೊನೆಯ ಎರಡೇ ತುಂಬಿಕೊಂಡಿದ್ದವು. ಆದ್ದರಿಂದ ಇಡೀ ಸಂಬಂಧವನ್ನೇ ಕಡಿದುಹಾಕಿದ್ದು ನ್ಯಾಯವಾಯಿತು. ಬಾಡಿಗೆಯಲ್ಲಿ ನಾಲ್ಕೂ ಕಲಸಿಕೊಂಡಿವೆ. ಅದಕ್ಕೇ ‘ಇರುವವನೇ ಮನೆಯೊಡೆಯ’ ಎಂದರೆ ಅತಿಯಾಗುತ್ತದೆ, ಇರುವವನಿಗೆ ಏನೂ ಇಲ್ಲ ಎಂದರೂ ಅತಿಯಾಗುತ್ತದೆ. ಮನೆಗೆ ಮಾಲೀಕರಿರಲಿ, ಅದರಲ್ಲಿ ವಾಸಿಸುವವರಿಗೆ ಯಾರೂ ಒಡೆಯರಾಗಬೇಕಿಲ್ಲ.

ಅಪ್ಪನಿಗೆ ಹೊಸ ಕಟ್ಟಡ ಬೇಡ ಎಂದೆ. ಮೊದಲೆರಡು ಸಂಗತಿಗಳ ಬಲದಲ್ಲಿ ಆ ಕಟ್ಟಡ ತನ್ನ ಸಾಲವನ್ನೇ ಹೊರಲಾರದು, ಪೂರ್ತಿ ಲೆಕ್ಕ ನಿಂತಿರುವುದು ಮೂರನೆಯದರ ಮೇಲೆ. ಗದ್ದೆಯನ್ನು ಈಗ ಊರಿನವರೊಬ್ಬರು ಮಾಡುತ್ತಾರೆ, ಕಾಗದ ಪತ್ರವಿಲ್ಲದೆ, ವರ್ಷಕ್ಕೆ ಇಷ್ಟು ಚೀಲ ಭತ್ತವೆಂದು ಬಾಯಿಮಾತಿನಲ್ಲಿ. ಅದು ಗೇಣಿಯಲ್ಲದೆ ಮತ್ತೇನು? ಮಾರುವುದಾದರೆ ಮೊದಲು ಅವರನ್ನು ಕೇಳೋಣ, ಅವರಿಗೆ ಆಗುವ ಬೆಲೆಗೆ, ಕಂತಿನಲ್ಲಿ ಎಂದೆ. ಇರುವ ಮೂರು ಮನೆಗಳಿಗೆ ಎರಡೇ ತಿಂಗಳ ಅಡ್ವಾನ್ಸ್, ಮೂರು ವರ್ಷದ ನೋಂದಾಯಿತ ಕರಾರು, ಬಾಗಿಲಲ್ಲಿ ಜಾತಿ-ಊಟದ ಪ್ರಶ್ನೆಯಿಲ್ಲ, ಬಾಡಿಗೆ ಅಮ್ಮನ ಖಾತೆಗೆ ಎಂದೂ ಕೇಳಿದೆ. ಕೊನೆಯದಕ್ಕೆ ಅಪ್ಪ ತಕ್ಷಣ ಒಪ್ಪಿದರು. ಪ್ರಶ್ನೆ ಕೇಳುವುದನ್ನು ಬಿಡುತ್ತೇನೆಂದರು. ಅಡ್ವಾನ್ಸ್ ಇಳಿಸಬೇಕಾದರೆ ಹಳಬರಿಗೆ ಹಿಂದಿರುಗಿಸಲು ಹಣ ಬೇಕು, ಒಂದೊಂದೇ ಮನೆ ಮಾಡೋಣ ಎಂದರು. ಮೂರು ವರ್ಷದ ಕರಾರಿಗೆ ಇನ್ನೂ ಒಪ್ಪಿಲ್ಲ. “ಒಳ್ಳೆಯವರಾದ್ರೆ ನಾನು ಹತ್ತು ವರ್ಷ ಇಟ್ಕೋತೀನಿ, ಅದಕ್ಕೆ ರಿಜಿಸ್ಟರ್ ಯಾಕೆ?” ಎನ್ನುತ್ತಾರೆ. ಗದ್ದೆಯ ಮಾತಿಗೆ ಯೋಚಿಸೋಣ ಎಂದು ಮಾತ್ರ ಹೇಳಿದ್ದಾರೆ. ನನ್ನ ಮುಂದಿನ ವರ್ಷಗಳ ಭದ್ರತೆ ಇದರಿಂದ ಎಷ್ಟು ಕಡಿಮೆಯಾಗುತ್ತದೆ ಎಂಬ ಲೆಕ್ಕವೂ ನನಗೆ ಗೊತ್ತಿದೆ. ಅದು ಹಗುರವಾದ ಲೆಕ್ಕವಲ್ಲ.

ಅಪ್ಪ ಒಪ್ಪದೆ ಉಳಿಸಿಕೊಂಡಿರುವ ಆ ಒಂದು ವಿಷಯದಲ್ಲೇ ಇಡೀ ಪ್ರಶ್ನೆಯ ತಿರುಳಿದೆ ಎಂದು ನನಗನ್ನಿಸುತ್ತದೆ. ಅಪ್ಪ ಒಳ್ಳೆಯ ಮಾಲೀಕರು. 2020ರ ಲಾಕ್‌ಡೌನಿನಲ್ಲಿ ಕಾರ್ಮಿಕರಿಂದ ಒಂದು ತಿಂಗಳು ಬಾಡಿಗೆ ಕೇಳಬಾರದೆಂದು ಕೇಂದ್ರ ಗೃಹ ಸಚಿವಾಲಯ ಆದೇಶ ಹೊರಡಿಸಿತ್ತು. ಆಟೋದವರಿಂದ ಅಪ್ಪ ಮೂರು ತಿಂಗಳು ತೆಗೆದುಕೊಳ್ಳಲಿಲ್ಲ. ಆದರೆ ಅಪ್ಪನ ಒಳ್ಳೆಯತನ ಆಟೋದವರ ಹಕ್ಕಲ್ಲ. ಅದು ಅಪ್ಪನ ಮನಸ್ಸು ಇರುವವರೆಗೆ ಇರುತ್ತದೆ, ನಾಳೆ ನನ್ನ ಮನಸ್ಸು ಹೇಗಿರುತ್ತದೋ ಅವರಿಗೆ ತಿಳಿಯದು. ಕಾಗೋಡಿನ ಗೇಣಿದಾರರು ಒಳ್ಳೆಯ ಧಣಿಯನ್ನು ಕೊಡಿ ಎಂದು ಕೇಳಲಿಲ್ಲ, ಸರಿಯಾದ ಕೊಳಗ ಬೇಕೆಂದು ಕೇಳಿದರು. ಮುಂದೆ ಅದೇ ಕಾಗೋಡಿನವರಾದ ಕಾಗೋಡು ತಿಮ್ಮಪ್ಪ ಕಂದಾಯ ಸಚಿವರಾಗಿದ್ದಾಗ, ತಾಂಡಾ-ಹಟ್ಟಿಗಳಲ್ಲಿ ದಾಖಲೆಯಿಲ್ಲದೆ ಬೇರೆಯವರ ನೆಲದ ಮೇಲೆ ವಾಸಿಸುವವರಿಗೆ ಹಕ್ಕುಪತ್ರ ಕೊಡಲು ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಯಿತು. ಬಾಡಿಗೆ ಕೊಟ್ಟು ಇರುವವರ ತನಕ ಆ ನ್ಯಾಯ ಇನ್ನೂ ಬಂದಿಲ್ಲ. ಬರುವವರೆಗೆ ಮೂರು ವರ್ಷದ ಒಂದು ಕಾಗದವನ್ನಾದರೂ ನಮ್ಮ ಮನೆಯ ಮೂರು ಬಾಗಿಲುಗಳಿಗೆ ಕೊಡಬಹುದಲ್ಲ ಎಂದು ಅಪ್ಪನಿಗೆ ಮತ್ತೆ ಹೇಳಬೇಕೆಂದಿದ್ದೇನೆ.